ಇಳಿಜಾರಿನ ದುಡಿಮೆ

ಈ ಬರಹದಲ್ಲಿ ಕೊರತೆಗಳು ಕಂಡರೆ ಓದುಗರು ಮನ್ನಿಸಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಓದಿದ್ದು ಕನ್ನಡ ಮತ್ತು ಇತಿಹಾಸ. ವಿದ್ಯುತ್ತಿನ ವಿಷಯದಲ್ಲಿ ನನಗೆ ತಿಳಿದಿರುವುದೆಲ್ಲ ಒಂದು ಕಾರಿನ ಕೈಪಿಡಿಯನ್ನು ಮುಂದಿಟ್ಟುಕೊಂಡು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಕಲಿತದ್ದು. ಬಲ್ಲವರ ಕಣ್ಣಿಗೆ ತಪ್ಪುಗಳು ಬೀಳಬಹುದು. ಒಂದು ವಾಕ್ಯ ಬರೆದರೆ ಎರಡು ಬಾರಿ ಹೊಡೆದುಹಾಕುವ ಸ್ವಭಾವ ಬೇರೆ ನನ್ನದು. ಆದರೂ ನಮ್ಮಪ್ಪ ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ಗೆದ್ದ ಒಂದು ಬೆಳಗಿನ ಸಂಗತಿಯನ್ನು ಯಾರಾದರೂ ಬರೆದಿಡಬೇಕಾಗಿತ್ತು. ಬರೆಯಬಲ್ಲವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅಪ್ಪ ಇಪ್ಪತ್ತೆಂಟು ವರ್ಷ ಬೇರೆಯವರ ವಾಹನಗಳನ್ನು ಓಡಿಸಿದವರು. ಟೆಂಪೊ, ಜೀಪು, ಮದುವೆ ದಿಬ್ಬಣದ ವ್ಯಾನು, ಕೊನೆಗೆ ಮಳವಳ್ಳಿಯ ವ್ಯಾಪಾರಿಯೊಬ್ಬರ ಡೀಸೆಲ್ ಕಾರು. ಬೆಳಿಗ್ಗೆ ಮಾಲೀಕರ ಗೇಟಿನ ಮುಂದೆ ನಿಲ್ಲುವುದು, ಅವರು ಬರುವವರೆಗೆ ಗಾಡಿ ಒರೆಸುವುದು, ಅವರು ಹೋಗೆಂದಾಗ ಮನೆಗೆ ಬರುವುದು. ಆ ವ್ಯಾಪಾರಿ ಕಾರನ್ನು ಮಾರಿದ ದಿನ ಅಪ್ಪ ಕೀಲಿಕೈ ಒಪ್ಪಿಸಿ, ಮೂರು ಕಿಲೋಮೀಟರು ನಡೆದುಕೊಂಡೇ ಊರಿಗೆ ಬಂದರು. ಅವ್ವ ಕಾಲಿಗೆ ನೀರು ತಂದುಕೊಟ್ಟಳು.

ಅದೇ ತಿಂಗಳು ಮಂಡ್ಯದ ಒಂದು ರಕ್ತಪರೀಕ್ಷಾ ಕೇಂದ್ರಕ್ಕೆ ವಾಹನ ಬೇಕಾಗಿದೆ ಎಂಬ ವಿಷಯ ನನ್ನ ಕಿವಿಗೆ ಬಿತ್ತು. ನಾನು ಮಳವಳ್ಳಿಯ ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ಸಹೋದ್ಯೋಗಿಯೊಬ್ಬರು ಹೇಳಿದರು. ಕೆಲಸ ಇಷ್ಟು: ಬೆಳಿಗ್ಗೆ ಜಲಪಾತದ ಊರಾದ ಬ್ಲಫ್‌ನಲ್ಲಿ ರಕ್ತದ ಮಾದರಿಗಳ ಪೆಟ್ಟಿಗೆ ತೆಗೆದುಕೊಳ್ಳಬೇಕು, ಮಳವಳ್ಳಿಯಲ್ಲಿ ಒಂದು, ಮದ್ದೂರಿನಲ್ಲಿ ಒಂದು, ಮೂರನ್ನೂ ಹನ್ನೊಂದು ಗಂಟೆಯೊಳಗೆ ಮಂಡ್ಯಕ್ಕೆ ಮುಟ್ಟಿಸಬೇಕು. ವಾಹನ ಚಾಲಕನ ಸ್ವಂತದ್ದೇ ಆಗಿರಬೇಕು. ಮೊದಲ ಹದಿನಾಲ್ಕು ದಿನ ಪರೀಕ್ಷೆ. ಒಂದೇ ಒಂದು ದಿನ ತಡವಾದರೂ ಕೆಲಸ ಬೇರೆಯವರಿಗೆ.

ಸ್ವಂತ ವಾಹನ ಎಂಬ ಮಾತೇ ಅಪ್ಪನನ್ನು ಹಿಡಿದು ನಿಲ್ಲಿಸಿತು. ದಿನಕ್ಕೆ ನೂರಿಪ್ಪತ್ತು ಕಿಲೋಮೀಟರಿನ ಸುತ್ತು ಅದು. ಡೀಸೆಲ್ ಹಾಕಿ ಓಡಿಸಿದರೆ ಕೈಗೆ ಏನೂ ಉಳಿಯದು. ಅಗ್ಗದ ಒಂದು ಚಿಕ್ಕ ಎಲೆಕ್ಟ್ರಿಕ್ ಎಸ್‌ಯುವಿ ತೆಗೆದುಕೊಳ್ಳೋಣ ಎಂದವಳು ನಾನು. ಹೇಳಿದ ಮೇಲೆ ಮೂರು ದಿನ ಕುಳಿತು, ಬ್ಯಾಂಕಿನ ಸಾಲದ ಕಂತನ್ನು ನನ್ನ ಸಂಬಳದಲ್ಲಿ ಕಟ್ಟಲಾಗುತ್ತದೆಯೇ ಎಂದು ಲೆಕ್ಕ ಹಾಕಿದೆ.

ಮಂಡ್ಯದ ಷೋರೂಮಿಗೆ ಪ್ರಶ್ನೆಗಳನ್ನು ಬರೆದುಕೊಂಡೇ ಹೋದೆ. ಅಲ್ಲಿದ್ದ ಯುವಕ ಒಳ್ಳೆಯವನು. ನನ್ನ ಹಾಳೆ ನೋಡಿ ನಗಲಿಲ್ಲ. ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು ಇಪ್ಪತ್ತೈದು ಯೂನಿಟ್ ಎಂದ. ಮನೆಯ ಹದಿನೈದು ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿದರೆ ಖಾಲಿಯಿಂದ ತುಂಬಲು ಎಂಟೂವರೆ ಗಂಟೆ, ವೇಗದ ಚಾರ್ಜರಿನಲ್ಲಾದರೆ ಒಂದು ಗಂಟೆಗೆ ಶೇಕಡಾ ಎಂಬತ್ತು. ಬ್ಯಾಟರಿಗೆ ಎಂಟು ವರ್ಷದ ವಾರಂಟಿ. ನೆಲದಿಂದ ಎತ್ತರವೂ ಸಾಕಷ್ಟಿದೆ, ಕಬ್ಬಿನ ಗದ್ದೆಯ ದಾರಿಯಲ್ಲಿ ತಳ ತಾಗುವುದಿಲ್ಲ ಎಂದ. ಕರಪತ್ರದಲ್ಲಿ ಒಮ್ಮೆ ಚಾರ್ಜ್ ಮಾಡಿದರೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಎಂದು ಅಚ್ಚಾಗಿತ್ತು. ಅದರ ಕೆಳಗೆ ನಾನು ಗೆರೆ ಎಳೆದಿದ್ದೆ.

"ಅದು ಪರೀಕ್ಷೇಲಿ ಬರೋದು ಮೇಡಂ. ನಮ್ಮ ರೋಡಲ್ಲಿ ಇನ್ನೂರು ಅಂತ ಇಟ್ಕೊಳ್ಳಿ," ಎಂದು ಯುವಕ ಧ್ವನಿ ತಗ್ಗಿಸಿ ಹೇಳಿದ.

ಇನ್ನೂರು ಎಂದರೆ ಒಂದು ಶೇಕಡಾಕ್ಕೆ ಎರಡು ಕಿಲೋಮೀಟರು. ನೂರಿಪ್ಪತ್ತಕ್ಕೆ ಅರವತ್ತು ಶೇಕಡಾ. ಧಾರಾಳವಾಯಿತು. ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹಾಗೆಂದು ಬರೆದೆ.

ಕಾರು ಊರಿಗೆ ಬಂದಾಗ ಅರಳಿಕಟ್ಟೆಯ ಮೇಲೆ ಕುಳಿತವರಿಗೆ ವಾರಕ್ಕೆ ಸಾಕಾಗುವಷ್ಟು ಮಾತು ಸಿಕ್ಕಿತು.

"ಏನ್ಲಾ, ಎಷ್ಟ್ ಸೆಲ್ ಆಕ್ಬೇಕು ಇದ್ಕೆ? ನಾಕಾ, ಆರಾ?"

"ಸದ್ದೇ ಇಲ್ವಲ್ಲೋ! ಕೋಳಿ ಅಡ್ಡ ಬಂದ್ರೆ ಅದ್ಕೇನ್ ಗೊತ್ತಾಯ್ತದೆ?"

"ಸೆಲ್ಲೂ ಬ್ಯಾಡ ಸದ್ದೂ ಬ್ಯಾಡ, ಬುಡಿ. ನಮ್ಮೂರ್ ಕರೆಂಟ್ ನಂಬ್ಕಂಡು ದೋಸೆ ಇಟ್ಟು ರುಬ್ಬಕಾಗಕಿಲ್ಲ. ಇವ್ನು ಮಂಡ್ಯಕ್ಕೋಯ್ತನಂತೆ!"

ಅಪ್ಪ ನಕ್ಕರು. ನಾನು ನಗಲಿಲ್ಲ, ಕೊನೆಯ ಮಾತು ನನಗೂ ನಿಜವೆನಿಸಿತ್ತು.

ಮೊದಲ ಸಂಜೆಯೇ ಅದು ನಿಜವಾಗುವಂತೆ ಕಂಡಿತು. ಚಾರ್ಜಿಂಗ್ ಕೇಬಲ್ಲಿನ ನಡುವೆ ಒಂದು ಪುಟ್ಟ ಡಬ್ಬಿ ಇರುತ್ತದೆ. ಎಲ್ಲ ಸರಿಯಿದ್ದರೆ ಅದರಲ್ಲಿ ಹಸಿರು ದೀಪ ಹೊತ್ತುತ್ತದೆ. ನಮ್ಮದರಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಮತ್ತೆ ಸಿಕ್ಕಿಸಿದೆವು, ಮತ್ತೆ ಕೆಂಪು. ನಾನು ಕೈಪಿಡಿ ತಿರುವಿಹಾಕುತ್ತಿದ್ದಾಗ ಅವ್ವ ತನ್ನ ತಮ್ಮನಿಗೆ ಫೋನು ಮಾಡಿದಳು. ನನ್ನ ಆ ಸೋದರಮಾವ ಬ್ಲಫ್‌ನ ಜಲವಿದ್ಯುದಾಗಾರದಲ್ಲಿ ಇಪ್ಪತ್ತೈದು ವರ್ಷದಿಂದ ಕೆಲಸಕ್ಕಿದ್ದಾರೆ. ಸಹಾಯಕರಾಗಿ ಸೇರಿ, ಈಗ ಯಂತ್ರಗಳ ಪಾಳಿ ನೋಡಿಕೊಳ್ಳುವವರು.

"ಅರ್ತಿಂಗ್ ಎಲ್ ಒಡ್ಸಿದೀಯಕ್ಕ?" ಎಂದು ಅವರ ಧ್ವನಿ ಫೋನಿನಾಚೆಗೂ ಕೇಳಿಸಿತು.

"ಕೊಟ್ಟಿಗೆ ಪಕ್ಕದ ದಿಬ್ಬದ್ ಮೇಲೆ ಕಣಪ್ಪ."

"ದಿಬ್ಬದ್ ಮೇಲಾ! ಅಲ್ ನೆಲ ಒಣಗ್ ಬಿದ್ದಿರ್ತದೆ. ಕರೆಂಟ್‌ಗೆ ನೆಲ ಸಿಗ್ಬೇಕು, ನೆಲಕ್ಕೆ ನೀರ್ ಸಿಗ್ಬೇಕು. ಉಪ್ಪು, ಇದ್ಲು ಆಕಿ, ಆರ್ ಬಿಂದ್ಗೆ ನೀರುಯ್ದು ಆಮೇಲ್ ನೋಡು."

ಪಂಪ್‌ಸೆಟ್ಟಿನ ಮನೆಯ ಪಕ್ಕ ಕಬ್ಬಿನವರು ಮಾಡುವುದೂ ಇದನ್ನೇ. ಅವ್ವ ಉಪ್ಪು ತಂದಳು, ಒಲೆಯ ಇದ್ದಿಲು ತಂದಳು; ಅಪ್ಪ ಅರ್ತಿಂಗಿನ ಗುಂಡಿ ಬಗೆದು ತುಂಬಿದರು; ನಾನು ಬಿಂದಿಗೆಗಳನ್ನು ಹೊತ್ತೆ. ಆರನೆಯ ಬಿಂದಿಗೆ ಇಂಗಿದ ಮೇಲೆ ದೀಪ ಹಸಿರಾಯಿತು. ಅವ್ವ ದೀಪಕ್ಕೆ ಕೈ ಮುಗಿದಳು. ನಾಳೆಯಿಂದ ಕೊಟ್ಟಿಗೆ ತೊಳೆದ ನೀರನ್ನೆಲ್ಲ ಆ ಗುಂಡಿಗೇ ಬಿಡುವುದೆಂದು ಅಲ್ಲೇ ತೀರ್ಮಾನವಾಯಿತು.

ಪರೀಕ್ಷೆಯ ದಿನಗಳು ಶುರುವಾದವು. ಅಪ್ಪ ದಿನವೂ ಹತ್ತೂವರೆಗೆಲ್ಲ ಮಂಡ್ಯ ಮುಟ್ಟುತ್ತಿದ್ದರು. ಸಂಜೆ ನಾನು ಶಾಲೆಯಿಂದ ಬಂದೊಡನೆ ಕಾರಿನೊಳಗೆ ಕುಳಿತು, ಪರದೆಯ ಮೇಲಿನ ಅಂಕಿ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ನೂರು, ಸಂಜೆ ಮೂವತ್ತು. ಮರುದಿನವೂ ಮೂವತ್ತು. ಎಂದರೆ ಒಂದು ಶೇಕಡಾಕ್ಕೆ ಎರಡು ಕಿಲೋಮೀಟರು ಸಿಗುತ್ತಿರಲಿಲ್ಲ. ಒಂದು ಮುಕ್ಕಾಲೂ ಸಿಗುತ್ತಿರಲಿಲ್ಲ. ಇನ್ನೂರು ಎಂದಿದ್ದ ಕಾರು ನೂರೆಪ್ಪತ್ತಕ್ಕೆ ಇಳಿದಿತ್ತು.

ಹೇಳಿ ಕೊಡಿಸಿದವಳು ನಾನು. ಟೈರಿನ ಗಾಳಿ ಪರೀಕ್ಷಿಸಿದೆ. ಎ.ಸಿ. ಹಾಕುತ್ತೀಯಾ ಎಂದು ಕೇಳಿದೆ. "ಯಾವ್ ಎ.ಸಿ. ಮಗಳೆ, ಕಿಟ್ಕಿ ಇಲ್ವಾ?" ಎಂದರು ಅಪ್ಪ. ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಓದಿದೆ. ಮುಖ್ಯವಾದದ್ದನ್ನೆಲ್ಲ ಶುದ್ಧ ಕನ್ನಡದಲ್ಲಿ ಬರೆದು, ಊಟವಾದ ಮೇಲೆ ಅಪ್ಪನಿಗೆ ಓದಿ ಹೇಳಿದೆ. "ಪುನರುತ್ಪಾದಕ ಗತಿರೋಧ ವ್ಯವಸ್ಥೆಯನ್ನು ಸಮರ್ಪಕವಾಗಿ ಬಳಸಿಕೊಳ್ಳತಕ್ಕದ್ದು" ಎಂಬುದು ಅದರಲ್ಲಿ ಒಂದು ವಾಕ್ಯ. ಬರೆದಾಗ ಹೆಮ್ಮೆಯೆನಿಸಿತ್ತು. ಅಪ್ಪ ವಿನಯದಿಂದ ತಲೆಯಾಡಿಸಿದರು. ಅವರಿಗೆ ಅರ್ಥವಾಗಲಿಲ್ಲ ಎಂಬುದು ನನಗೆ ತಿಳಿಯಲಿಲ್ಲ. ನನಗೂ ಅರ್ಥವಾಗಿರಲಿಲ್ಲ ಎಂಬುದನ್ನು ನಾನು ಒಪ್ಪಿಕೊಂಡಿರಲಿಲ್ಲ.

ಹದಿನಾಲ್ಕನೆಯ ದಿನ ಎರಡನೆಯ ಶನಿವಾರವಾಗಿತ್ತು. ಶಾಲೆಗೆ ರಜೆ; ಕೊನೆಯ ದಿನ ನಾನೂ ಬರುತ್ತೇನೆಂದು ಹೇಳಿದ್ದೆ. ಏಳು ಗಂಟೆಗೆ ಕಾರಿನ ಬಾಗಿಲು ತೆರೆದರೆ ಪರದೆಯ ಮೇಲೆ ನೂರು ಇರಲಿಲ್ಲ, ಐವತ್ತೆರಡು ಇತ್ತು. ಹಿಂದಿನ ಸಂಜೆ ಚಾರ್ಜಿಗೆ ಹಾಕಿ ಎರಡು ಗಂಟೆಯಾಗುವುದರೊಳಗೆ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಬೆಳಗಾದರೂ ಕರೆಂಟು ಬಂದಿರಲಿಲ್ಲ.

"ಮದ್ದೂರಲ್ ಸ್ಪೀಡ್ ಚಾರ್ಜರ್ ಐತಲ್ಲ," ಎಂದರು ಅಪ್ಪ. "ಕಾಲ್ ಗಂಟೆ ಆಕ್ಕಂಡ್ರೆ ಮುಗೀತು. ಕಾರ್ ಅತ್ತು."

ಬ್ಲಫ್‌ಗೆ ಸುಮಾರು ಇಪ್ಪತ್ತು ಕಿಲೋಮೀಟರು. ಅಲ್ಲಿಗೆ ತಲಪಿದಾಗ ಅಂಕಿ ನಲವತ್ತಕ್ಕೆ ಬಂದಿತ್ತು. ಮಾದರಿಗಳ ತಣ್ಣನೆಯ ಪೆಟ್ಟಿಗೆ ಹಿಂದಿನ ಸೀಟಿಗೆ ಏರಿತು. ಅದರ ಪಕ್ಕಕ್ಕೆ ಸೋದರಮಾವ ಏರಿದರು. ಮಂಡ್ಯದಲ್ಲಿ ಅವರು ಹೊಸ ಕನ್ನಡಕ ಮಾಡಿಸಬೇಕಾಗಿತ್ತು. "ಭಾವನ್ ಸ್ವಂತ ಕಾರಲ್ ಕೂತಂಗೂ ಆಯ್ತು," ಎಂದು ಸೀಟನ್ನು ತಟ್ಟಿ ನೋಡಿದರು.

ನಮ್ಮ ಕಡೆಯ ರಸ್ತೆ ಚಪ್ಪಟೆಯಾಗಿಲ್ಲ. ಒಂದು ದಿಬ್ಬ ಹತ್ತಿದರೆ ಒಂದು ಹಳ್ಳಕ್ಕೆ ಇಳಿಯುತ್ತದೆ, ಹಳ್ಳದ ತಳದಲ್ಲಿ ಕಿರುಸೇತುವೆಯೋ, ಊರಿನ ಹಂಪೋ, ಕಬ್ಬು ತುಂಬಿದ ಟ್ರ್ಯಾಕ್ಟರೋ ಇರುತ್ತದೆ, ಬ್ರೇಕು ಒತ್ತಲೇಬೇಕು. ಮೊದಲ ಇಳಿಜಾರು ಬಂದೊಡನೆ ಅಪ್ಪ ಗೇರಿನ ತಿರುಗುಣಿಯನ್ನು ಡಿ ಅಕ್ಷರದಿಂದ ಎನ್ ಅಕ್ಷರಕ್ಕೆ ತಿರುಗಿಸಿದರು. ಡಿ ಎಂದರೆ ಕಾರು ನಡೆಯುವ ಸ್ಥಿತಿ, ಎನ್ ಎಂದರೆ ನ್ಯೂಟ್ರಲ್. ಕಾರು ತಾನಾಗಿ ಜಾರಿತು. ತಳದಲ್ಲಿ ಹಂಪು ಬಂದಾಗ ಬ್ರೇಕು ಒತ್ತಿ, ಮತ್ತೆ ಡಿ ಮಾಡಿ ದಿಬ್ಬ ಹತ್ತಿಸಿದರು.

ಇದನ್ನು ವಿವರಿಸಬೇಕು. ಮಾಲೀಕರು ಟ್ರಿಪ್ಪಿಗೆ ಅಳೆದು ಡೀಸೆಲ್ ಹಾಕಿಸುತ್ತಿದ್ದ ಕಾಲದ ಚಾಲಕರು ನಮ್ಮಪ್ಪ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಗಾಡಿಯನ್ನು ಪುಕ್ಕಟೆ ಓಡಿಸುವುದು ಅವರಿಗೆ ಗುರುವಿನಿಂದ ಬಂದ ವಿದ್ಯೆ. ಯಾವ ರಸ್ತೆಯ ಯಾವ ಮರದ ಬಳಿ ಗೇರು ಬಿಡಿಸಿದರೆ ಯಾವ ಮೋರಿಯವರೆಗೆ ಗಾಡಿ ಹೋಗುತ್ತದೆಂದು ಅವರು ಕಣ್ಣು ಮುಚ್ಚಿ ಹೇಳಬಲ್ಲರು. ನಾನು ಚಿಕ್ಕಂದಿನಿಂದ ನೋಡಿದ್ದೇ ಹಾಗೆ. ಆದ್ದರಿಂದಲೇ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಾವನ ಕಣ್ಣಿಗೆ ಬಿತ್ತು. "ಅದ್ಯಾಕ್ ಭಾವ, ಎನ್ನಿಗೆ ತಿರುಗಿಸ್ದೆ?"

"ಇಳಿಜಾರು ಕಣ್ಲಾ. ತಾನಾಗೇ ಓಯ್ತದೆ. ಕರೆಂಟ್ ಉಳೀತದೆ."

"ಉಳಿಯೋದ್ ಅತ್ಲಾಗಿರ್ಲಿ, ಬರೋ ಕರೆಂಟ್ನೂ ಬಾಗ್ಲಲ್ಲೇ ತಡ್ದು ಕಳಿಸ್ತಿದ್ದೀಯಲ್ಲೋ ಮಾರಾಯ!"

"ಎಲ್ಲಿಂದ್ಲಾ ಬತ್ತದೆ ಕರೆಂಟು? ಆಕಾಸದಿಂದ್ಲಾ?"

"ನಾನು ಇಪ್ಪತ್ತೈದು ವರ್ಸದಿಂದ ಏನ್ ಮಾಡ್ತಿವ್ನಿ ಅನ್ಕಂಡಿದ್ದೀಯ? ಮೇಲಿಂದ ನೀರ್ ಇಳೀತದೆ. ಇಳಿಯೋ ನೀರು ಚಕ್ರ ತಿರುಗಿಸ್ತದೆ. ಚಕ್ರ ತಿರುಗಿದ್ರೆ ಕರೆಂಟು. ಇದ್ರಲ್ಲೂ ಮೋಟ್ರೈತೆ. ಕಾರ್ ಇಳೀವಾಗ ಗಾಲಿ ಆ ಮೋಟ್ರ ತಿರುಗ್ಸಿ, ಕರೆಂಟು ವಾಪಸ್ ಬ್ಯಾಟ್ರಿಗೆ ಓಗ್ಬೇಕು. ನೀನ್ ಎನ್ನಿಗಾಕಿದ್ರೆ ಅದು ಎಂಗ್ ಕೊಡ್ತದೆ? ನೀರ್ನೆಲ್ಲ ಸುಮ್ಕೆ ಒಳೆಗ್ ಬುಟ್ಟಂಗಾಯ್ತು."

"ಓಹೋ, ಬಂದ್ಬುಟ್ಟ ಇಂಜಿನಿಯರು! ಸೈಕಲ್ ಬುಟ್ರೆ ಬ್ಯಾರೆ ಗಾಡಿ ಮುಟ್ಟಿದವನಲ್ಲ ನೀನು. ಇಪ್ಪತ್ತೆಂಟ್ ವರ್ಸ ಸ್ಟೇರಿಂಗ್ ಇಡ್ದಿವ್ನಿ ನಾನು."

"ಮುಟ್ಟಿಲ್ಲ, ನಿಜ. ಆದ್ರೆ ತಿರುಗೋವೆಲ್ಲ ಒಂದೇ ಕುಲ ಕಣ್ ಭಾವ."

ಅಪ್ಪ ಮುಂದಿನ ಇಳಿಜಾರಿನಲ್ಲಿ ಬೇಕೆಂದೇ ಎನ್ ಮಾಡಿದರು. ನಾನು ನೋಟ್‌ಬುಕ್ಕನ್ನು ತೆರೆದೆ. ನನ್ನದೇ ದುಂಡನೆಯ ಅಕ್ಷರಗಳಲ್ಲಿ ಆ ವಾಕ್ಯ ಕುಳಿತಿತ್ತು: ಪುನರುತ್ಪಾದಕ ಗತಿರೋಧ. ಮತ್ತೆ ಉತ್ಪಾದಿಸುವ ತಡೆ. ಕಾರು ನಿಧಾನವಾಗುವಾಗ ಕರೆಂಟು ಹುಟ್ಟುತ್ತದೆ ಎಂಬುದನ್ನೇ ನಾನು ಅಷ್ಟು ದೊಡ್ಡ ಮಾತಿನಲ್ಲಿ ಹೂತಿಟ್ಟಿದ್ದೆ. ಹದಿಮೂರು ದಿನ, ಪ್ರತಿಯೊಂದು ಹಳ್ಳದಲ್ಲೂ ಬ್ಯಾಟರಿಗೆ ಸೇರಬೇಕಾಗಿದ್ದದ್ದು ಬ್ರೇಕಿನ ಬಿಸಿಯಾಗಿ ಹೋಗಿತ್ತು.

ಆದರೆ ಹೇಳುವುದು ಹೇಗೆ? ಚಾಲನೆಯ ವಿಷಯದಲ್ಲಿ ಅಪ್ಪನಿಗೆ ತಪ್ಪು ಎಂದು ಹೇಳಿದವರನ್ನು ನಾನು ಕಂಡಿರಲಿಲ್ಲ.

ಮಳವಳ್ಳಿಯಲ್ಲಿ ಎರಡನೆಯ ಪೆಟ್ಟಿಗೆ ಏರುವಾಗ ಅಂಕಿ ಇಪ್ಪತ್ತೆಂಟು. ನಾನು ಫೋನಿನಲ್ಲಿ ಮದ್ದೂರಿನ ಚಾರ್ಜರಿನ ಸ್ಥಿತಿ ನೋಡಿದೆ. ಅಲ್ಲಿ ಕೆಂಪು ಗುರುತು ಬಂತು: ಕೆಲಸ ಮಾಡುತ್ತಿಲ್ಲ.

ಕಾರಿನ ಬಾನೆಟ್ಟಿನ ಮೇಲೆ ನೋಟ್‌ಬುಕ್ಕಿಟ್ಟು ಲೆಕ್ಕ ಮಾಡಿದೆ. ಮದ್ದೂರಿಗೆ ಇಪ್ಪತ್ತೈದು, ಅಲ್ಲಿಂದ ಮಂಡ್ಯಕ್ಕೆ ಇಪ್ಪತ್ತು. ಒಟ್ಟು ನಲವತ್ತೈದು ಕಿಲೋಮೀಟರು. ಎಂಟಕ್ಕಿಂತ ಕೆಳಗಿಳಿದರೆ ಈ ಕಾರು ತಾನೇ ವೇಗ ತಗ್ಗಿಸಿಕೊಂಡು ತೆವಳುತ್ತದೆ. ದಿನವೂ ಓಡಿಸುವ ರೀತಿಯಲ್ಲೇ ಓಡಿಸಿದರೆ ಮದ್ದೂರಿನಾಚೆಯ ಗೆಜ್ಜಲಗೆರೆ ದಾಟುವ ಹೊತ್ತಿಗೆ ಎಂಟು. ಮೂರು ಪೆಟ್ಟಿಗೆ ರಕ್ತವನ್ನು ಇಟ್ಟುಕೊಂಡು ಹೆದ್ದಾರಿಯ ಅಂಚಿನಲ್ಲಿ ತೆವಳಬೇಕು. ಮಳವಳ್ಳಿಯಲ್ಲೇ ಎಲ್ಲಾದರೂ ಸಿಕ್ಕಿಸಿದರೆ ಅರ್ಧ ಗಂಟೆಗೆ ಆರು ಶೇಕಡಾ ಬಂದೀತು. ಆ ಅರ್ಧ ಗಂಟೆ ನಮ್ಮಲ್ಲಿರಲಿಲ್ಲ.

"ಅಪ್ಪ," ಎಂದೆ. "ಮಾವ ಹೇಳಿದ್ದು ಸರಿ. ಪುಸ್ತಕದಲ್ಲೂ ಹಂಗೇ ಐತೆ."

"ಐತೆ ಅಂದ್ಮೇಲೆ ಮೊದ್ಲೇ ಯಾಕ್ ಏಳ್ಲಿಲ್ಲ?"

"ಓದಿ ಹೇಳಿದ್ದೆ ಅಪ್ಪ. ಪುನರುತ್ಪಾದಕ..."

"ಅದಾ! ಅದ್ಯಾವ್ದೋ ಮಂತ್ರ ಅಂತ ಸುಮ್ನಿದ್ದೆ ಕಣವ್ವ. ಬಾಯಲ್ಲಿ ಒಂದ್ ಮಾತು, ಇಳೀವಾಗ ಗೇರ್ ಬುಡುಸ್ಬ್ಯಾಡ ಅನ್ನಕಾಯ್ತಿರ್ಲಿಲ್ವ?"

ಮಾವ ಮುಖ ಆ ಕಡೆ ತಿರುಗಿಸಿ ನಕ್ಕರು. ನನಗೂ ನಗು ಬಂತು, ಅಳುವೂ ಬಂತು. ಅಪ್ಪ ಮಾತ್ರ ನಗಲಿಲ್ಲ. ಆಮೇಲೆ ಬಾಗಿಲು ತೆರೆದು ಕುಳಿತು, ತಿರುಗುಣಿಯನ್ನು ಡಿ ಮಾಡಿ, ಎಡಗೈಯನ್ನು ಅದರ ಮೇಲಿಂದ ತೆಗೆದು ತೊಡೆಯ ಕೆಳಗೆ ಸಿಕ್ಕಿಸಿಕೊಂಡರು.

"ಇದು ಸುಮ್ಕಿರಕಿಲ್ಲ. ಇಂಗ್ ಕೂರ್ಸುದ್ರೇನೇ ಸರಿ," ಎಂದರು.

ಮಾವ ಸೂಚಿಸಿದ್ದಕ್ಕೆ ನಾನು ಕೈಪಿಡಿ ನೋಡಿ, ಕರೆಂಟು ಹಿಂದಕ್ಕೆ ಪಡೆಯುವ ಮಟ್ಟವನ್ನು ಗುಂಡಿ ಒತ್ತಿ ಅತಿ ಹೆಚ್ಚಿಗೆ ಇಟ್ಟೆ. ಮಳವಳ್ಳಿ ದಾಟಿ ಮೊದಲ ದೊಡ್ಡ ಇಳಿಜಾರು ಬಂತು. ಅಪ್ಪನ ಎಡಗೈ ತೊಡೆಯ ಕೆಳಗೆ ಒಮ್ಮೆ ಎಗರಿತು, ಅಲ್ಲೇ ಉಳಿಯಿತು. ಅವರು ಕಾಲನ್ನು ಪೆಡಲಿನಿಂದ ಮೇಲೆತ್ತಿದರು, ಅಷ್ಟೇ. ಕಾರು ಯಾರೋ ಹಿಂದಿನಿಂದ ಮೆಲ್ಲಗೆ ಹಿಡಿದುಕೊಂಡ ಹಾಗೆ ನಿಧಾನವಾಯಿತು. ಪರದೆಯ ಮುಳ್ಳು ನಡುಗೆರೆಯನ್ನು ದಾಟಿ ಹಸಿರು ಭಾಗಕ್ಕೆ ಬಾಗಿತು. ತಳದ ಹಂಪಿನವರೆಗೂ ಬ್ರೇಕು ಮುಟ್ಟುವ ಅಗತ್ಯವೇ ಬರಲಿಲ್ಲ.

"ಹಸಿರಿಗ್ ಬಂತು ಭಾವ, ನೋಡು! ತುಂಬ್ಕತಾ ಐತೆ!" ಮಾವ ಎರಡು ಸೀಟುಗಳ ನಡುವೆ ತಲೆ ತೂರಿಸಿದ್ದರು.

"ಲೇ, ಇಂದಕ್ ಕೂತ್ಕೊ. ಪೆಟ್ಗೆ ಉಳ್ಳೋಯ್ತದೆ."

ಇಪ್ಪತ್ತಾರು. ಇನ್ನೊಂದು ದಿಬ್ಬ, ಇನ್ನೊಂದು ಹಳ್ಳ, ಇಪ್ಪತ್ತಾರು ಅಲುಗಲಿಲ್ಲ. ನಾನು ಆ ಅಂಕಿಯನ್ನೇ ನೋಡುತ್ತಿದ್ದೆ. ದಿಬ್ಬ ಹತ್ತುವಾಗ ಅಪ್ಪ ಕಾಲನ್ನು ಮೊಟ್ಟೆಯ ಮೇಲಿಟ್ಟ ಹಾಗೆ ಇಟ್ಟಿದ್ದರು. ಮುಂದೆ ಎತ್ತಿನ ಗಾಡಿ ಕಂಡರೆ ದೂರದಿಂದಲೇ ಕಾಲೆತ್ತಿ, ಆ ತಗ್ಗುವ ವೇಗವನ್ನೂ ಬ್ಯಾಟರಿಗೆ ಕೊಟ್ಟರು. ಹತ್ತು ಕಿಲೋಮೀಟರು ಕಳೆಯುವುದರೊಳಗೆ ಅವರು ಈ ಹೊಸ ವಿದ್ಯೆಯಲ್ಲಿ ಕೈಪಿಡಿಯನ್ನು ಮೀರಿಸಿದ್ದರು. ಯಾವ ಮರದ ಬಳಿ ಕಾಲೆತ್ತಿದರೆ ಯಾವ ಮೋರಿಗೆ ಸರಿಯಾಗಿ ವೇಗ ಇಳಿಯುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಇಪ್ಪತ್ತೆಂಟು ವರ್ಷ ರಸ್ತೆಯನ್ನು ಓದಿದ್ದು ವ್ಯರ್ಥವಾಗಿರಲಿಲ್ಲ. ಈಗ ಅದಕ್ಕೆ ಕೂಲಿ ಸಿಗುತ್ತಿತ್ತು.

ಒಂದು ಉದ್ದನೆಯ ಇಳಿಜಾರಿನಲ್ಲಿ ಅವರು ಅಂದು ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕರು. "ಎಲಾ ಇವ್ನ! ಅತ್ತೋದ್ ಒಂದೇ ದುಡಿಮೆ ಅನ್ಕಂಡಿದ್ದೆ. ಇಳಿಯೋದೂ ದುಡಿಮೆಯಾ!"

"ನಮ್ ಬ್ಲಫ್ಫೇ ಇಳಿಯೋದ್ರಲ್ ಬದುಕಿರೋದು ಭಾವ," ಎಂದರು ಮಾವ.

ಮದ್ದೂರಿನಲ್ಲಿ ಮೂರನೆಯ ಪೆಟ್ಟಿಗೆ ಏರಿದಾಗ ಅಂಕಿ ಹದಿನೆಂಟು. ಸಮಯ ಹತ್ತು ಗಂಟೆ. ಮಾವನಿಗೆ ವಡೆ ಬೇಕಾಗಿತ್ತು.

"ಎರಡೇ ನಿಮ್ಸ ಭಾವ. ಮದ್ದೂರ್ಗ್ ಬಂದು ವಡೆ ತಿನ್ದೆ ಓದ್ರೆ ಊರೋರು ಏನಂದಾರು?"

"ಊರೋರ್ಗೆ ನಾನ್ ಏಳ್ಕತೀನಿ. ಬಾಯ್ ಮುಚ್ಕಂಡ್ ಅತ್ತು."

ಹೆದ್ದಾರಿಗೆ ಬಂದ ಮೇಲೆ ಭಯ ಬೇರೆ ರೂಪ ತಾಳಿತು. ಅಲ್ಲಿ ಇಳಿಜಾರು ಕಡಿಮೆ. ಹಿಂದಿನಿಂದ ಬಸ್ಸುಗಳು ಹಾರನ್ನು ಹೊಡೆದು ಅವಸರಪಡಿಸುತ್ತವೆ. ಅಪ್ಪ ಎಡಗಡೆ ಹಿಡಿದು, ವೇಗದ ಮುಳ್ಳನ್ನು ಐವತ್ತರ ಹತ್ತಿರ ಬಿಟ್ಟು ಅಲ್ಲಾಡಿಸಲಿಲ್ಲ. ಗೆಜ್ಜಲಗೆರೆಯ ಕಾರ್ಖಾನೆಗಳ ಬಳಿ ಮೋಟಾರ್ ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಏನ್ ಯಜಮಾನ್ರೆ, ತಳ್ಬೇಕಾ?" ಎಂದು ಕೇಳಿ ಹೋದ. ಬೇರೆ ದಿನವಾಗಿದ್ದರೆ ಅಪ್ಪ ಬಿಡುತ್ತಿರಲಿಲ್ಲ. ಅಂದು ಅವನಿಗೆ ಕೈ ಬೀಸಿದರು. ಅಂಕಿ ಹದಿನಾಲ್ಕು. ನಾನು ಲೆಕ್ಕ ಹಾಕಿದ್ದ ಜಾಗ ಅದೇ. ಎಂಟು ಇರಬೇಕಾಗಿದ್ದ ಕಡೆ ಹದಿನಾಲ್ಕು ಇತ್ತು. ನೋಟ್‌ಬುಕ್ಕನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡೆ.

ಪರೀಕ್ಷಾ ಕೇಂದ್ರದ ಮುಂದೆ ಕಾರು ನಿಂತಾಗ ಅಂಕಿ ಒಂಬತ್ತು. ಒಳಗಿನ ಗಡಿಯಾರದಲ್ಲಿ ಹತ್ತು ನಲವತ್ತು. ಕೇಂದ್ರ ನಡೆಸುವ ಹೆಂಗಸು ಕಡಿಮೆ ಮಾತಿನವರು. ಪೆಟ್ಟಿಗೆಗಳ ಮುಚ್ಚಳ ತೆಗೆದು, ಒಳಗಿನ ತಂಪು ಅಳೆದು, ಗಡಿಯಾರ ನೋಡಿದರು.

"ಕೊನೇ ದಿನ ಸ್ವಲ್ಪ ತಡ ಮಾಡಿದ್ರಿ," ಎಂದರು.

"ಹನ್ನೊಂದರ ಒಳಗೆ ತಾನೆ ಮೇಡಂ," ಎಂಬ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು.

"ಒಳಗೇ ಇದೆ. ಅದಕ್ಕೇ ಹೇಳ್ತಿರೋದು, ದಿನಾ ಹತ್ತೂವರೆಗೆ ಬಂದು ನಮಗೆ ಅಭ್ಯಾಸ ಮಾಡಿಸಿಬಿಟ್ಟಿದ್ದೀರಿ." ಅವರು ಮೊದಲ ಬಾರಿಗೆ ನಕ್ಕರು. "ಹದಿನಾಲ್ಕು ದಿನದಲ್ಲಿ ಒಂದು ದಿನಾನೂ ತಪ್ಪಿಲ್ಲ. ಸೋಮವಾರದಿಂದ ನೀವೇ ಬನ್ನಿ. ಒಂದು ವರ್ಷಕ್ಕೆ ಬರೆದುಕೊಡ್ತೀನಿ. ಗಾಡಿ ನಿಮ್ಮದೇ ಅಲ್ವಾ?"

"ನಂದೇ ಕಣಮ್ಮ," ಎಂದರು ಅಪ್ಪ. ಆಮೇಲೆ, ಅವರಿಗೆ ಕೇಳಿಸಲಿಲ್ಲವೇನೋ ಎಂಬಂತೆ ಇನ್ನೊಮ್ಮೆ ಹೇಳಿದರು: "ನಂದೇ."

ಹೊರಗೆ ಬಂದು ಮಾವನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಅದು ಅವರ ಕೃತಜ್ಞತೆ. ಷೋರೂಮಿನ ಅಂಗಳದಲ್ಲಿ ಕಾರನ್ನು ವೇಗದ ಚಾರ್ಜಿಗೆ ಹಾಕಿ, ಮೂವರೂ ಎದುರಿನ ಹೋಟೆಲಿನಲ್ಲಿ ಎರಡೆರಡು ಮಸಾಲೆ ದೋಸೆ ತಿಂದೆವು. ತಪ್ಪಿಹೋದ ವಡೆಯ ಲೆಕ್ಕಕ್ಕೆ ಮಾವ ಎರಡನೆಯ ದೋಸೆಯ ಮೇಲೆ ಮೂರನೆಯದೊಂದನ್ನು ತರಿಸಿಕೊಂಡರು.

ಮುಂದಿನ ವಾರ ನೋಟ್‌ಬುಕ್ಕಿನಲ್ಲಿ ಸಂಜೆಯ ಅಂಕಿ ಮೂವತ್ತರಿಂದ ನಲವತ್ತಕ್ಕೆ ಏರಿತು, ಒಂದು ದಿನ ನಲವತ್ತೆರಡನ್ನೂ ಮುಟ್ಟಿತು. ಷೋರೂಮಿನ ಯುವಕ ಹೇಳಿದ್ದ ಇನ್ನೂರನ್ನು ಅಪ್ಪ ದಾಟಿದ್ದರು. ಈಗ ಅರಳಿಕಟ್ಟೆಯಲ್ಲಿ ಅವರದೇ ಪಾಠ. ಹೊಸದಾಗಿ ಎಲೆಕ್ಟ್ರಿಕ್ ಆಟೊ ತಂದವನಿಗೆ, "ಇಳಿಜಾರಲ್ ನ್ಯೂಟ್ರಲ್ ಮಾಡ್ಬ್ಯಾಡ ಕಣ್ಲಾ. ನೀರ್ನ ಒಳೆಗ್ ಬುಟ್ಟಂಗೆ," ಎನ್ನುತ್ತಾರೆ. ಆ ಮಾತು ಯಾರದೆಂದು ಹೇಳುವುದಿಲ್ಲ. ದೋಸೆ ಹಿಟ್ಟಿನ ಮಾತಾಡಿದವರು ತಮ್ಮ ಮಗನಿಗೆ ಯಾವ ಮಾದರಿ ಒಳ್ಳೆಯದೆಂದು ನನ್ನನ್ನು ಕೇಳಿಕೊಂಡು ಬಂದಿದ್ದರು. ನಾನು ಎಲ್ಲವನ್ನೂ ವಿವರಿಸಿದೆ, ಈ ಬಾರಿ ಆಡುವ ಮಾತಿನಲ್ಲೇ.

ಆ ನಂತರ ನಮ್ಮ ಮನೆಯಲ್ಲಿ ಬದಲಾದದ್ದನ್ನು ನೇರವಾಗಿ ಹೇಳಿ ಮುಗಿಸುತ್ತೇನೆ. ಅಪ್ಪ ಈಗ ಯಾರ ಗೇಟಿನ ಮುಂದೆಯೂ ನಿಲ್ಲುವುದಿಲ್ಲ. ಮಧ್ಯಾಹ್ನ ಒಂದೂವರೆಗೆ ಮನೆಗೆ ಬಂದು ಅವ್ವನ ಜೊತೆ ಕುಳಿತು ಬಿಸಿ ಮುದ್ದೆ ಉಣ್ಣುತ್ತಾರೆ. ಅವ್ವ ಬೇರೆಯವರ ಕಬ್ಬಿನ ಗದ್ದೆಗೆ ಕಳೆ ತೆಗೆಯಲು ಹೋಗುವುದನ್ನು ನಿಲ್ಲಿಸಿ, ಎರಡು ಹಸು ಕಟ್ಟಿದ್ದಾಳೆ. ಪರೀಕ್ಷಾ ಕೇಂದ್ರದವರು ಎರಡನೆಯ ವರ್ಷಕ್ಕೂ ಅಪ್ಪನಿಗೇ ಬರೆದುಕೊಟ್ಟರು. ಮನೆ ನಡೆಯಲು ನನ್ನ ಸಂಬಳ ಬೇಕೇ ಬೇಕೆಂಬ ಸ್ಥಿತಿ ಉಳಿಯಲಿಲ್ಲವಾದ್ದರಿಂದ, ನಾಲ್ಕು ವರ್ಷದಿಂದ ಮುಂದೂಡುತ್ತಿದ್ದ ಬಿ.ಎಡ್. ಪದವಿಗೆ ನಾನು ಈ ಸಾಲಿನಲ್ಲಿ ಸೇರಿದ್ದೇನೆ.